ಚಳಿಗೆ ಬೆಳೆ ಹೋಯಿತೇ? ಪರಿಹಾರ ಕೇಳುವ ದಾರಿ ತಿಳಿದಿರಲಿ

ಕಲಬುರಗಿ ಸೀಮೆಯಲ್ಲಿ ತೊಗರಿ ಹೂ ಬಿಡುವ ಹೊತ್ತಿಗೆ ಚಳಿಯ ಜೊತೆ ದಟ್ಟ ಮಂಜು ಮುಸುಕಿದರೆ ಗಿಡದ ಬುಡದಲ್ಲಿ ಹಳದಿ ಹೂ ಉದುರಿ ಬೀಳುತ್ತದೆ. ಗಿಡ ಹಸಿರಾಗಿಯೇ ನಿಂತಿರುತ್ತದೆ, ಕಾಯಿ ಮಾತ್ರ ಕಟ್ಟುವುದಿಲ್ಲ. ನೀಲಗಿರಿಯ ತಗ್ಗಿನ ತೋಟಗಳಲ್ಲಿ ಹಿಮ ಕಟ್ಟಿ ಚಹಾ ಚಿಗುರು ಕರಕಲಾಗುತ್ತದೆ. ಚಳಿಯ ನಷ್ಟ ನೆರೆಯ ನಷ್ಟದಷ್ಟು ಎದ್ದು ಕಾಣುವುದಿಲ್ಲ. ಆದ್ದರಿಂದಲೇ ಯಾವ ನಷ್ಟಕ್ಕೆ ಯಾವ ನಿಯಮ ಎಂಬುದನ್ನು ರೈತರು ಮೊದಲೇ ತಿಳಿದಿರಬೇಕು.

72 ಗಂಟೆಯ ದೂರು ಯಾವುದಕ್ಕೆ?

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತರ ಪಾಲಿನ ವಿಮಾ ಕಂತು ಮುಂಗಾರಿಗೆ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಆಲಿಕಲ್ಲು, ಭೂಕುಸಿತ, ಮೇಘಸ್ಫೋಟ, ಸಿಡಿಲಿನ ಬೆಂಕಿಯಂಥ ಸ್ಥಳೀಯ ವಿಕೋಪವಾದರೆ 72 ಗಂಟೆಯೊಳಗೆ ತಿಳಿಸಬೇಕು. ಆಗ ನಿಮ್ಮ ಹೊಲವನ್ನೇ ಬಂದು ನೋಡುತ್ತಾರೆ. ಕೊಯ್ದು ಹೊಲದಲ್ಲಿ ಹರವಿದ ಫಸಲು 14 ದಿನದೊಳಗೆ ಅಕಾಲಿಕ ಮಳೆಗೆ ಸಿಕ್ಕರೂ ಇದೇ ನಿಯಮ. ಸಹಾಯವಾಣಿ ಸಂಖ್ಯೆ 14447.

ಹಿಮ, ಚಳಿ ಈ ಪಟ್ಟಿಯಲ್ಲಿಲ್ಲ. ಅವುಗಳಿಂದಾದ ನಷ್ಟದಲ್ಲಿ ಲೆಕ್ಕಕ್ಕೆ ಬರುವುದು ಇಡೀ ವಿಮಾ ಘಟಕದ ಇಳುವರಿ. ಕರ್ನಾಟಕದಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿಯೇ ಘಟಕ. ಖಾತರಿಪಡಿಸಿದ ಇಳುವರಿ ಎಕರೆಗೆ 4 ಕ್ವಿಂಟಲ್ ಇದ್ದು, ಬೆಳೆ ಕಟಾವು ಪ್ರಯೋಗದಲ್ಲಿ 3 ಕ್ವಿಂಟಲ್ ಬಂತೆನ್ನಿ. ವಿಮಾ ಮೊತ್ತದ ಕಾಲುಭಾಗ ಪರಿಹಾರ. ಹಾಗಾಗಿ ಆ ಪ್ರಯೋಗವೇ ನಿರ್ಣಾಯಕ. ಅದಕ್ಕೆ ಆಯ್ಕೆಯಾದ ಹೊಲದ ರೈತರು ತೂಕದ ಹೊತ್ತಿಗೆ ಎದುರಿಗೇ ಇದ್ದು ಅಂಕಿ ಬರೆದಿಟ್ಟುಕೊಳ್ಳಲಿ.

ಹವಾಮಾನ ಆಧಾರಿತ ವಿಮೆಯ ರೀತಿಯೇ ಬೇರೆ. ಅಲ್ಲಿ ಹವಾಮಾನ ಕೇಂದ್ರದ ದಾಖಲೆ ನೋಡಿ ಹಣ ತೀರ್ಮಾನವಾಗುತ್ತದೆ. ನಿಮ್ಮ ಬೆಳೆಗೆ ಕನಿಷ್ಠ ಉಷ್ಣಾಂಶವೂ ಮಾನದಂಡವಾಗಿದೆಯೇ ಎಂದು ಕಂತು ಕಟ್ಟುವಾಗಲೇ ಅಧಿಸೂಚನೆ ನೋಡಿ.

ವಿಮೆ ಇಲ್ಲದವರಿಗೂ ನೆರವು

ವಿಪತ್ತು ನಿರ್ವಹಣಾ ಕಾಯ್ದೆ 2005ರಡಿ ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ನೆರವು ನೀಡುವ ವಿಕೋಪಗಳಲ್ಲಿ ‘ಹಿಮ ಮತ್ತು ಶೀತಗಾಳಿ’ ಸೇರಿದೆ. ಬೆಳೆ ಶೇ 33 ಅಥವಾ ಹೆಚ್ಚು ಹಾನಿಯಾಗಿರಬೇಕು. 2022-23ರಿಂದ 2025-26ರ ಅವಧಿಗೆ ನಿಗದಿಯಾದ ದರ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಮಿತಿ 2 ಹೆಕ್ಟೇರ್.

ಪಟ್ಟಿಯಲ್ಲಿ ಬರೀ ‘ಮಂಜು’ ಎಂಬ ಹೆಸರಿಲ್ಲ ಎಂಬುದನ್ನು ಮರೆಯಬೇಡಿ. ಅರ್ಜಿಯಲ್ಲಿ ಚಳಿ ಬಿದ್ದ ದಿನಾಂಕ, ಹೋಬಳಿಯ ಹವಾಮಾನ ಕೇಂದ್ರದಲ್ಲಿ ದಾಖಲಾದ ಕನಿಷ್ಠ ಉಷ್ಣಾಂಶ ಬರೆಯಿರಿ. ಪಹಣಿ, ಆಧಾರ್, ಎಫ್‌ಐಡಿ (ರೈತರ ಗುರುತಿನ) ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್, ಉದುರಿದ ಹೂ ಹಾಗೂ ಗಿಡ ಎರಡೂ ಕಾಣುವ ಫೋಟೊ ಸೇರಿಸಿ. ಗ್ರಾಮ ಆಡಳಿತಾಧಿಕಾರಿಗೆ ಒಂದು ಪ್ರತಿ, ರೈತ ಸಂಪರ್ಕ ಕೇಂದ್ರಕ್ಕೆ ಒಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬೆಳೆ ಸಮೀಕ್ಷೆಯಲ್ಲಿ ಬೇರೆ ಬೆಳೆ ದಾಖಲಾಗಿದ್ದರೆ ಕೂಡಲೇ ಆಕ್ಷೇಪಣೆ ಹಾಕಿ. ತೊಗರಿಗೆ ವಿಮೆ ಕಟ್ಟಿ, ಸಮೀಕ್ಷೆಯಲ್ಲಿ ಹತ್ತಿ ಎಂದಿದ್ದರೆ ಅರ್ಜಿ ತಿರಸ್ಕೃತವಾಗಬಹುದು.

ಹಣ ಬಾರದಿದ್ದರೆ?

* ವಿಮೆಯ ತಕರಾರನ್ನು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಕುಂದುಕೊರತೆ ಸಮಿತಿಗೆ ಲಿಖಿತವಾಗಿ ಕೊಡಿ. ಕಂಪನಿ ವಿಳಂಬ ಮಾಡಿದರೆ ವಾರ್ಷಿಕ ಶೇ 12 ಬಡ್ಡಿಗೆ ಮಾರ್ಗಸೂಚಿಯಲ್ಲಿ ಅವಕಾಶವಿದೆ.
* ಕಟಾವು ಪ್ರಯೋಗದ ಅಂಕಿ, ನಷ್ಟ ಸಮೀಕ್ಷೆಯ ಪಟ್ಟಿಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. 30 ದಿನದೊಳಗೆ ಉತ್ತರ ಬರಬೇಕು.
* ಸೇವಾ ನ್ಯೂನತೆಗೆ 2 ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕಟ್ಟಿದ ವಿಮಾ ಕಂತು 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ.
* ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಸಾಮೂಹಿಕ ವಿಕೋಪದ ಸಂತ್ರಸ್ತರು ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ಪಡೆಯಬಹುದು. ಸಂಖ್ಯೆ 15100.

ಚಳಿ ಒಬ್ಬರ ಹೊಲಕ್ಕೆ ಮಾತ್ರ ಬೀಳುವುದಿಲ್ಲ. ವಿಮೆಯ ಲೆಕ್ಕವೂ ಊರಿಗೆಲ್ಲ ಒಂದೇ. ಆದ್ದರಿಂದ ಒಬ್ಬೊಬ್ಬರೇ ಕಚೇರಿ ಅಲೆಯುವ ಬದಲು ಗ್ರಾಮಸಭೆಯಲ್ಲಿ ವಿಷಯ ಎತ್ತಿ, ನಡಾವಳಿಯಲ್ಲಿ ನಷ್ಟ ದಾಖಲಿಸಿ, ಜಂಟಿ ಸಮೀಕ್ಷೆಗೆ ತಹಶೀಲ್ದಾರರಿಗೆ ಊರವರೆಲ್ಲ ಸಹಿ ಹಾಕಿದ ಮನವಿ ಕೊಡಿ. ಬೆಳೆ ಹೊಲದಲ್ಲಿ ನಿಂತಿರುವಾಗಲೇ ಈ ಕೆಲಸ ಆಗಬೇಕು. ಕೊಯ್ಲು ಮುಗಿದ ಮೇಲೆ ಅಧಿಕಾರಿಗಳು ಬಂದರೂ ಹಾನಿಗೆ ಸಾಕ್ಷಿ ಉಳಿದಿರುವುದಿಲ್ಲ.