ಬೇಡ ಎಂದವನ ಬೆಲೆ

ಅಮೆರಿಕದ ಹೂಡಿಕೆದಾರ ಚಾರ್ಲಿ ಮಂಗರ್ 2023ರ ನವೆಂಬರ್ 28ರಂದು ತೀರಿಕೊಂಡಾಗ ನೂರು ತುಂಬಲು 33 ದಿನ ಬಾಕಿಯಿತ್ತು. ಮರುವರ್ಷದ ಫೆಬ್ರುವರಿಯಲ್ಲಿ ವಾರನ್ ಬಫೆಟ್ ತಮ್ಮ ಕಂಪನಿ ಬರ್ಕ್‌ಷೈರ್‌ನ ಷೇರುದಾರರಿಗೆ ಬರೆದ ಪತ್ರ ಗೆಳೆಯನ ಸ್ಮರಣೆಯಿಂದಲೇ ಶುರುವಾಗುತ್ತದೆ. ಇಂದಿನ ಬರ್ಕ್‌ಷೈರ್‌ಗೆ ನಕ್ಷೆ ಹಾಕಿದವರು ಮಂಗರ್, ತಾವು ಅದರಂತೆ ಕಟ್ಟಿದ ಗುತ್ತಿಗೆದಾರ ಅಷ್ಟೇ ಎನ್ನುತ್ತಾರೆ ಬಫೆಟ್. ತೀರಿಹೋದವರನ್ನು ಹೊಗಳುವುದು ಇದ್ದದ್ದೇ. ನನಗೆ ಮುಖ್ಯವೆನಿಸಿದ್ದು ಅದೇ ಪತ್ರದಲ್ಲಿರುವ ಇನ್ನೊಂದು ವಿವರ. 1965ರಲ್ಲಿ, ಬರ್ಕ್‌ಷೈರ್ ಕೊಂಡದ್ದು ದಡ್ಡತನ ಎಂದು ಮಂಗರ್ ನೇರವಾಗಿ ಹೇಳಿದಾಗ, ಆ ಖರೀದಿಗೆ ಹಣ ಹಾಕಿದ್ದ ಬಫೆಟ್ ಪಾಲುದಾರಿಕೆಯಲ್ಲಿ ಮಂಗರ್ ಅವರದ್ದಾಗಲಿ ಅವರ ಮನೆಯವರದ್ದಾಗಲಿ ಬಿಡಿಗಾಸೂ ಇರಲಿಲ್ಲ. ಹಣದ ವಿಷಯದಲ್ಲಿ ಗುರು ಅನ್ನಿಸಿಕೊಳ್ಳಲು ಇದೇ ಮೊದಲ ಅರ್ಹತೆ ಎಂಬುದು ನನ್ನ ವಾದ. ನಾವು ಕೊಂಡರೂ ಬಿಟ್ಟರೂ ಅವರ ಜೇಬಿಗೆ ಏನೂ ಬರಬಾರದು.

ಆ ದಡ್ಡತನದ ಲೆಕ್ಕ ನೋಡಿ. 1964ರಲ್ಲಿ ನ್ಯೂ ಬೆಡ್‌ಫರ್ಡ್‌ನ ಜವಳಿ ಕಂಪನಿಯಾಗಿದ್ದ ಬರ್ಕ್‌ಷೈರ್ ತನ್ನ ಷೇರುಗಳನ್ನು ತಾನೇ ಕೊಳ್ಳಲು ಹೊರಟಿತ್ತು. ಬಾಯಿಮಾತಿನಲ್ಲಿ ಒಪ್ಪಿದ್ದ ದರ 11.50 ಡಾಲರ್, ಕಾಗದದಲ್ಲಿ ಬಂದದ್ದು 11.375. ಹನ್ನೆರಡೂವರೆ ಸೆಂಟಿನ ಸಿಟ್ಟಿಗೆ ಬಫೆಟ್ ತಮ್ಮಲ್ಲಿದ್ದ ಷೇರು ಮಾರುವುದನ್ನು ಬಿಟ್ಟು ಕೊಳ್ಳುತ್ತಾ ಹೋಗಿ, ನೆಲಕಚ್ಚುತ್ತಿದ್ದ ಗಿರಣಿಯ ಯಜಮಾನರಾದರು. 1985ರಲ್ಲಿ ಅದಕ್ಕೆ ಬೀಗ ಬಿದ್ದಾಗ, ಸುಮಾರು 1.3 ಕೋಟಿ ಡಾಲರ್ ಕೊಟ್ಟು ತಂದಿದ್ದ ಯಂತ್ರಗಳಿಗೆ ಹುಟ್ಟಿದ್ದು 1,63,122 ಡಾಲರ್. 1981ರಲ್ಲಿ ತಲಾ 5,000 ಡಾಲರಿಗೆ ಕೊಂಡ ಮಗ್ಗಗಳನ್ನು 50ಕ್ಕೂ ಕೇಳುವವರಿರಲಿಲ್ಲ. 26 ಡಾಲರಿನಂತೆ ಗುಜರಿಗೆ ಹೋದವು. ಕಿತ್ತು ಸಾಗಿಸುವ ಖರ್ಚೂ ಅದರಲ್ಲಿ ಗಿಟ್ಟಲಿಲ್ಲ.

ಅಗ್ಗಕ್ಕೆ ಸಿಗುತ್ತದೆಂದು ಸಾಧಾರಣ ಕಂಪನಿ ಕೊಳ್ಳುವ ಚಟ ಬಿಡಿ, ಒಳ್ಳೆಯ ಕಂಪನಿಗೆ ನ್ಯಾಯವಾದ ಬೆಲೆ ಕೊಡಿ ಎಂಬುದು ಮಂಗರ್ ಸಲಹೆಯ ಸಾರ. ಅದರಂತೆ 1972ರಲ್ಲಿ ಸೀಸ್ ಕ್ಯಾಂಡೀಸ್ ಎಂಬ ಮಿಠಾಯಿ ಕಂಪನಿಗೆ ಕೊಟ್ಟದ್ದು 2.5 ಕೋಟಿ ಡಾಲರ್. ಆಗ ಅದರ ವಹಿವಾಟಿಗೆ ಬೇಕಿದ್ದ ಬಂಡವಾಳ 80 ಲಕ್ಷ, ತೆರಿಗೆಗೆ ಮುಂಚಿನ ಲಾಭ 50 ಲಕ್ಷಕ್ಕೂ ಕಡಿಮೆ. 2007ರ ಹೊತ್ತಿಗೆ ಬಂಡವಾಳ 4 ಕೋಟಿ, ಲಾಭ 8.2 ಕೋಟಿ. ಅಂದರೆ 35 ವರ್ಷಗಳಲ್ಲಿ ಹೊಸದಾಗಿ ಸುರಿದದ್ದು 3.2 ಕೋಟಿ, ವರ್ಷದ ಲಾಭ ಏರಿದ್ದು 7.7 ಕೋಟಿಗೂ ಹೆಚ್ಚು. ಹಾಕಿದ ಪ್ರತಿ ಹೊಸ ಡಾಲರಿಗೆ ವರ್ಷವರ್ಷವೂ 2.40 ಡಾಲರ್ ಹೆಚ್ಚುವರಿ ಲಾಭ! ಅಷ್ಟೂ ವರ್ಷಗಳ ಒಟ್ಟು ಲಾಭ 135 ಕೋಟಿ. ಅದರಲ್ಲಿ ಆ 3.2 ಕೋಟಿ ಬಿಟ್ಟು ಉಳಿದದ್ದೆಲ್ಲ, ತೆರಿಗೆ ಕಟ್ಟಿದ ಮೇಲೆ, ಬೇರೆ ಕಂಪನಿಗಳನ್ನು ಕೊಳ್ಳಲು ಒದಗಿತು.

ಹಾಗಾದರೆ ಒಳ್ಳೆಯ ಕಂಪನಿಗೆ ಎಷ್ಟಾದರೂ ಕೊಡಬಹುದೇ? ಪಿಇ 80 ಇರುವ, ಅಂದರೆ ವರ್ಷದ ಲಾಭದ 80 ಪಟ್ಟು ಬೆಲೆಯ ಷೇರು ಕೊಳ್ಳುವವರೂ ಮಂಗರ್ ಹೆಸರು ಹೇಳುತ್ತಾರೆ. ಆದರೆ ಸೀಸ್‌ಗೆ ಕೊಟ್ಟ ಬೆಲೆ ತೆರಿಗೆಪೂರ್ವ ಲಾಭದ ಸುಮಾರು ಐದು ಪಟ್ಟು ಮಾತ್ರ. ಮಾರುವವರು ಕೇಳಿದ್ದು 3 ಕೋಟಿ, ಅಂದರೆ ಆರು ಪಟ್ಟಿನ ಆಸುಪಾಸು. ಅಷ್ಟಕ್ಕೇ ಬಫೆಟ್ ಎದ್ದು ಹೋಗಲು ತಯಾರಿದ್ದರು. ಇನ್ನು ನಮ್ಮಲ್ಲಿ ಅಗ್ಗದ ಆಸೆಗೆ ಸಿಕ್ಕಿರುವ ಹೊಸ ವೇಷವೆಂದರೆ ಥೀಮ್ ಹೊತ್ತು ಬರುವ ಎನ್‌ಎಫ್‌ಒ, ಅಂದರೆ ಮ್ಯೂಚುವಲ್ ಫಂಡ್‌ಗಳ ಹೊಸ ಯೋಜನೆ. ಎನ್‌ಎವಿ (ಒಂದು ಯೂನಿಟ್ಟಿನ ಬೆಲೆ) ಬರೀ 10 ರೂಪಾಯಿ ಸಾರ್ ಎಂದು ಈಗಲೂ ಮಾರುತ್ತಾರೆ, ಈಗಲೂ ಕೊಳ್ಳುತ್ತಾರೆ. ಒಳಗಿನ ಷೇರುಗಳು ಶೇ 10 ಏರಿದರೆ 10 ರೂಪಾಯಿಯ ಯೂನಿಟ್ಟೂ 500ರ ಯೂನಿಟ್ಟೂ ಶೇ 10ರಷ್ಟೇ ಏರುತ್ತವೆ. ಇದನ್ನು ಇನ್ನೆಷ್ಟು ಸಲ ಬರೆಯಬೇಕೋ! ನಾವು ಹೂಂ ಅಂದರೆ ಮಾತ್ರ ಕಮಿಷನ್ ಹುಟ್ಟುವ ಕಡೆ ಬೇಡ ಎಂಬ ಮಾತು ಬರುವುದು ಕಷ್ಟ.

ಮಂಗರ್ ಹೇಳಿದ್ದೆಲ್ಲ ಸರಿಯಾಯಿತೇ ಎಂದು ಕೇಳಬಹುದು. ಇಲ್ಲ. ಅವರದೇ ಪಾಲುದಾರಿಕೆ 1973ರಲ್ಲೂ 1974ರಲ್ಲೂ ಶೇ 30ಕ್ಕಿಂತ ಹೆಚ್ಚು ಕಳೆದುಕೊಂಡಿತು. ಇಳಿವಯಸ್ಸಿನಲ್ಲಿ ಅಲಿಬಾಬಾ ಷೇರು ಕೊಂಡು ಅದು ತಪ್ಪಾಯಿತು ಎಂದರು. ಆದರೆ ಗುರುವಿನ ಕೆಲಸ ಭವಿಷ್ಯ ಹೇಳುವುದಲ್ಲ; ಮಾರುಕಟ್ಟೆಯ ಭವಿಷ್ಯ ಹೇಳುವವರು ಬೇಕೆಂದರೆ ಟಿವಿ ಹಾಕಿದರೆ ಸಾಕು. ಸಲಹೆ ಸಿಕ್ಕ ಮಾತ್ರಕ್ಕೆ ಚಟ ಬಿಡುತ್ತದೆ ಎಂದೂ ಇಲ್ಲ. 1975ರಲ್ಲಿ, ಸೀಸ್ ಕೈಸೇರಿ ಮೂರು ವರ್ಷವಾದ ಮೇಲೂ, ಅಗ್ಗಕ್ಕೆ ಸಿಕ್ಕಿತೆಂದು ಬಫೆಟ್ ವಾಂಬೆಕ್ ಎಂಬ ಇನ್ನೊಂದು ಜವಳಿ ಗಿರಣಿ ಕೊಂಡರು. ಕೆಲವೇ ವರ್ಷಗಳಲ್ಲಿ ಅದನ್ನೂ ಮುಚ್ಚಬೇಕಾಯಿತು. ತಾವು ಎಡವಿದಾಗ ಮಂಗರ್ ಒಮ್ಮೆಯೂ ಅದನ್ನು ಎತ್ತಿ ಆಡಲಿಲ್ಲ ಎಂದು ಬಫೆಟ್ ಗೆಳೆಯನನ್ನು ನೆನೆದ ಆ ಪತ್ರದಲ್ಲಿ ಬರೆದಿದ್ದಾರೆ.