ಹಿತ್ತಲ ಕೋಳಿ: ಮೊದಲು ಗುರಿ, ಅನಂತರ ತಳಿ

ಸಾಲ ಬೇಡಿ ಬಂದವರನ್ನು ‘ಹಣ ಯಾತಕ್ಕೆ?’ ಎಂದು ಕೇಳುವುದು ಬ್ಯಾಂಕಿನ ಪದ್ಧತಿ. ಕೋಳಿ ಸಾಕಬಯಸುವವರೂ ಮೊದಲು ತಮ್ಮನ್ನು ತಾವು ಕೇಳಿಕೊಳ್ಳತಕ್ಕ ಪ್ರಶ್ನೆ ಇದೇ: ಮೊಟ್ಟೆಗೋ, ಮಾಂಸಕ್ಕೋ, ಸಂತಾನವೃದ್ಧಿಗೋ?

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಉತ್ತಮ ಪ್ರೋಟೀನ್ ಉಂಟು. ತಲೆಗೆ ಎರಡು ದಿನಕ್ಕೊಂದರಂತೆ ನಾಲ್ವರ ಸಂಸಾರಕ್ಕೆ ವರ್ಷಕ್ಕೆ ಸುಮಾರು 720 ಮೊಟ್ಟೆ ಬೇಕು. ನಾಟಿ ಹೇಂಟೆ ಇಡುವುದು ಹೆಚ್ಚೆಂದರೆ 60ರ ಆಸುಪಾಸು. ಹನ್ನೆರಡು ಹೇಂಟೆಗಳಾದರೂ ಬೇಕಾದೀತು. ನಮ್ಮ ಹೈದರಾಬಾದಿನ ರಾಜೇಂದ್ರನಗರದಲ್ಲಿ 1988ರಲ್ಲಿ ಆರಂಭವಾದ ಕುಕ್ಕುಟ ಸಂಶೋಧನಾ ಸಂಸ್ಥೆಯ ‘ಗ್ರಾಮಪ್ರಿಯ’ವು ಒಳ್ಳೆಯ ಆರೈಕೆಯಲ್ಲಿ ಸುಮಾರು 160 ಇಡಬಲ್ಲದು, ಐದು ಸಾಕು. ಮೊಟ್ಟೆ, ಮಾಂಸ ಎರಡೂ ಬೇಕೆನ್ನುವವರಿಗೆ ಅಲ್ಲಿಯದೇ ‘ವನರಾಜ’, ಬೆಂಗಳೂರಿನ ಹೆಬ್ಬಾಳದ ‘ಗಿರಿರಾಜ’ ತಕ್ಕವು.

ಆದರೆ ಇವು ಮಿಶ್ರತಳಿಗಳು. ಇವುಗಳ ಮರಿಗಳಲ್ಲಿ ಆ ಗುಣ ಪೂರ್ತಿ ಉಳಿಯದು. ಕಾವಿಗೆ ಕೂರುವ ಸ್ವಭಾವವೂ ಕಡಿಮೆ. ಆದ್ದರಿಂದ ಪ್ರತಿ ಸಲವೂ ಹೊಸ ಮರಿ ಕೊಳ್ಳಬೇಕು. ನಾಟಿ ಕೋಳಿಯಾದರೋ ಬಡ್ಡಿ ಕೊಡುವುದು ಕಡಿಮೆಯಾದರೂ ಅಸಲನ್ನು ತಾನೇ ಬೆಳೆಸುತ್ತದೆ.

ಬೇಗಂ ಬಜಾರಿನಂಥ ಸಂದಣಿಯಲ್ಲಿ ಅಂಗಳವೇ ದುರ್ಲಭ. ಅಲ್ಲಿರುವವರು ಊರಿನ ಹಿತ್ತಲನ್ನು ನೆಚ್ಚುವುದೇ ಲೇಸು. ನಗರದ ಹೊರವಲಯದಲ್ಲಿ ತುಸು ಜಾಗವುಳ್ಳವರು ಹೇಂಟೆಗಳನ್ನಷ್ಟೇ ಸಾಕಬಹುದು. ತಿನ್ನುವ ಮೊಟ್ಟೆಗೆ ಹುಂಜ ಬೇಕಿಲ್ಲ, ನೆರೆಯವರ ನಿದ್ರೆಗೂ ಭಂಗವಿಲ್ಲ.

ತಳಿ ಯಾವುದಾದರೂ ಮೊದಲ ವಾರದಲ್ಲೇ ರಾಣಿಖೇತ್ ರೋಗದ ಲಸಿಕೆ ಹಾಕಿಸಿರಿ. ತಪ್ಪಿದರೆ ಇಡೀ ಹಿಂಡೇ ಒಮ್ಮೆಗೆ ನಾಶವಾದೀತು. ಗೂಡು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ. ಮಕ್ಕಳಿಗೆ ಮೊಟ್ಟೆಯನ್ನು ಪೂರ್ತಿ ಬೇಯಿಸಿಯೇ ಕೊಡಿರಿ. ಆರೋಗ್ಯಕ್ಕೆಂದು ಹೂಡಿದ ಬಂಡವಾಳವು ಆರೋಗ್ಯವನ್ನೇ ಲಾಭವಾಗಿ ತರಲಿ.