ಸ್ಕ್ಯಾನ್ ನಾರ್ಮಲ್, ಆದರೂ ಕಾಲು ಏಳುತ್ತಿಲ್ಲ

ಪ್ರಶ್ನೆ: ನನ್ನ ಹೆಂಡತಿಗೆ 34 ವರ್ಷ. ಎರಡು ತಿಂಗಳ ಹಿಂದೆ ಪಾತ್ರೆ ತೊಳೆಯುತ್ತಿದ್ದಾಗ ಇದ್ದಕ್ಕಿದ್ದಂತೆ ಎಡಗೈ, ಎಡಗಾಲು ಸ್ವಾಧೀನ ತಪ್ಪಿತು. ಲಕ್ವ ಹೊಡೆದಿದೆ ಎಂದು ಆಸ್ಪತ್ರೆಗೆ ಓಡಿದೆವು. ಸಿಟಿ, ಎಂಆರ್‌ಐ ಎರಡೂ ನಾರ್ಮಲ್. ‘ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ’ ಎಂದು ಕಳಿಸಿದರು. ಆಮೇಲೆ ನೋಡಿದ ನರರೋಗ ತಜ್ಞರು ‘ಫಂಕ್ಷನಲ್’ ಎಂದು ಚೀಟಿಯಲ್ಲಿ ಬರೆದರು. ಈಗಲೂ ಕಾಲು ಎಳೆದುಕೊಂಡೇ ನಡೆಯುತ್ತಾಳೆ. ನಿದ್ದೆಯಲ್ಲಿ ಮಗ್ಗುಲಾಗುವಾಗ ಮಾತ್ರ ಅದೇ ಕಾಲು ಸಲೀಸಾಗಿ ಆಡುತ್ತದೆ. ನಮ್ಮಮ್ಮ ಇದನ್ನು ನೋಡಿ ನಾಟಕ ಎನ್ನುತ್ತಾರೆ. ನನಗೂ ಒಮ್ಮೊಮ್ಮೆ ಅನುಮಾನ ಬರುತ್ತದೆ.
– ಹೆಸರು ಬೇಡ, ದಾವಣಗೆರೆ

ಉತ್ತರ: ನೀವು ಬರೆದಿರುವುದರಲ್ಲಿ ನಾಟಕ ಎನ್ನುವುದಕ್ಕೆ ಒಂದೇ ಒಂದು ಕಾರಣವೂ ನನಗೆ ಕಾಣಲಿಲ್ಲ. ನಿದ್ದೆಯಲ್ಲಿ ಕಾಲು ಆಡುವುದು ಸುಳ್ಳಿಗೆ ಸಾಕ್ಷಿಯಲ್ಲ, ಈ ಕಾಯಿಲೆಯ ಲಕ್ಷಣವೇ ಅದು. ವೈದ್ಯರು ಇದನ್ನು ಫಂಕ್ಷನಲ್ ನ್ಯೂರಾಲಜಿಕಲ್ ಡಿಸಾರ್ಡರ್, ಚಿಕ್ಕದಾಗಿ ಎಫ್‌ಎನ್‌ಡಿ ಎನ್ನುತ್ತಾರೆ. ಪಾರ್ಶ್ವವಾಯುವಿನಲ್ಲಿ ರಕ್ತನಾಳ ಕಟ್ಟಿಕೊಂಡು ಅಥವಾ ಒಡೆದು ಮಿದುಳಿನ ಒಂದು ಭಾಗವೇ ಹಾಳಾಗುತ್ತದೆ. ಇಲ್ಲಿ ಮಿದುಳು, ನರ, ಸ್ನಾಯು ಎಲ್ಲ ಇದ್ದ ಹಾಗೇ ಇವೆ. ಬೇಕೆಂದಾಗ ಕಾಲಿಗೆ ಅಪ್ಪಣೆ ತಲುಪುತ್ತಿಲ್ಲ. ಮೆಟ್ಟಿಲಿಳಿಯುವಾಗ ಪ್ರತಿ ಹೆಜ್ಜೆಯ ಮೇಲೂ ಕಣ್ಣಿಟ್ಟರೆ ಗಟ್ಟಿಮುಟ್ಟಾದವರ ಕಾಲೂ ತಡವರಿಸುತ್ತದಲ್ಲ, ಅದೇ ತೊಡಕು ನಿಮ್ಮ ಹೆಂಡತಿಯಲ್ಲಿ ಬಿಡದೆ ಕೂತಿದೆ. ಗಮನ ಬೇರೆಡೆ ಹೋದಾಗ ಚಲನೆ ತಾನಾಗಿ ಬರುತ್ತದೆ.

ಇದನ್ನು ವೈದ್ಯರು ಕಣ್ಣೆದುರೇ ತೋರಿಸಬಲ್ಲರು. 1908ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಫ್ರಾಂಕ್ಲಿನ್ ಹೂವರ್ ವಿವರಿಸಿದ ಪರೀಕ್ಷೆಯೊಂದಿದೆ. ರೋಗಿಯನ್ನು ಮಲಗಿಸಿ, ಸೋತ ಕಾಲಿನ ಹಿಮ್ಮಡಿಯನ್ನು ಹಾಸಿಗೆಗೆ ಒತ್ತಲು ಹೇಳುತ್ತಾರೆ. ಬಲವೇ ಬರುವುದಿಲ್ಲ. ಆಮೇಲೆ ಆ ಹಿಮ್ಮಡಿಯ ಕೆಳಗೆ ಕೈಯಿಟ್ಟುಕೊಂಡು, ಒಳ್ಳೆಯ ಕಾಲನ್ನು ಮೇಲೆತ್ತಲು ಹೇಳಿ ಅದನ್ನು ತಡೆಯುತ್ತಾರೆ. ಈಗ ಸೋತ ಕಾಲಿನ ಹಿಮ್ಮಡಿ ತಾನೇ ತಾನಾಗಿ ಗಟ್ಟಿಯಾಗಿ ಒತ್ತುತ್ತದೆ! ಎಫ್‌ಎನ್‌ಡಿ ಎಂದು ಗುರುತಿಸುವುದು ಇಂಥ ಪರೀಕ್ಷೆಗಳಿಂದ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ ಎಂಬುದಷ್ಟೇ ಸಾಲದು. ‘ಏನೂ ಇಲ್ಲ’ ಎಂದು ಕಳಿಸಿದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಕಾಯಿಲೆ ಇದೆ, ಹೆಸರಿದೆ, ಚಿಕಿತ್ಸೆಯೂ ಇದೆ.

ಮನಸ್ಸಿನಲ್ಲಿ ಏನೋ ಮುಚ್ಚಿಟ್ಟಿದ್ದಾಳೆಯೇ ಎಂದು ಕೆದಕಲು ಹೋಗಬೇಡಿ. ಕೆಲವರಲ್ಲಿ ಒತ್ತಡ, ದುಃಖ ಇರುತ್ತದೆ. ಇನ್ನು ಕೆಲವರಲ್ಲಿ ಮೈಗ್ರೇನ್, ಸಣ್ಣ ಪೆಟ್ಟು, ಜ್ವರದ ಬೆನ್ನಿಗೇ ಇದು ಶುರುವಾಗುತ್ತದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಯನ್ನು ಪರಿಷ್ಕರಿಸಿದಾಗ, ಮಾನಸಿಕ ಕಾರಣ ಇರಲೇಬೇಕೆಂಬ ಷರತ್ತನ್ನು ಕೈಬಿಟ್ಟಿತು.

ಚಿಕಿತ್ಸೆಯಲ್ಲಿ ಮುಖ್ಯವಾದದ್ದು ಎಫ್‌ಎನ್‌ಡಿ ಗೊತ್ತಿರುವ ಫಿಸಿಯೋಥೆರಪಿಸ್ಟ್. ಹಿಮ್ಮುಖವಾಗಿ, ಪಕ್ಕಕ್ಕೆ, ಹಾಡಿನ ತಾಳಕ್ಕೆ ನಡೆಸುತ್ತಾ, ಕಾಲಿನ ಮೇಲಿನ ಗಮನವನ್ನು ಬೇರೆಡೆ ತಿರುಗಿಸಿ ಸಹಜ ನಡಿಗೆಯನ್ನು ಮರಳಿ ರೂಢಿ ಮಾಡಿಸುತ್ತಾರೆ. ಆತಂಕ, ಖಿನ್ನತೆ ಜೊತೆಗಿದ್ದರೆ ಆಪ್ತಸಮಾಲೋಚನೆಯೂ ಬೇಕಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ, ಮನೋವೈದ್ಯ, ಪುನಶ್ಚೇತನ ವಿಭಾಗಗಳು ಒಂದೇ ಆವರಣದಲ್ಲಿವೆ; ಒಮ್ಮೆ ತೋರಿಸಿ. ಬಹಳ ಮಂದಿ ಸುಧಾರಿಸುತ್ತಾರೆ. ಎಷ್ಟು ಬೇಗ ಎಂದು ಭಾಷೆ ಕೊಡಲಾರೆ. ಒಂದು ದಿನ ಚೆನ್ನಾಗಿ ನಡೆದು ಮರುದಿನ ಸೋಲುವುದೂ ಉಂಟು.

ಮನೆಯಲ್ಲಿ ನೀವು ಮಾಡಬೇಕಾದ್ದು ಇಷ್ಟು: ‘ಎಲ್ಲಿ, ಈಗ ಎತ್ತು ನೋಡೋಣ’ ಎಂದು ಪರೀಕ್ಷಿಸಬೇಡಿ. ಎಲ್ಲ ಕೆಲಸವನ್ನೂ ಕಿತ್ತುಕೊಂಡು ಮಂಚದಲ್ಲಿ ಕೂರಿಸಲೂ ಬೇಡಿ. ಸುಮ್ಮನೆ ಕೂತಷ್ಟೂ ಕಾಲು ಸೊರಗುತ್ತದೆ. ಮುಂದಿನ ಸಲ ತಜ್ಞರ ಬಳಿ ಹೋಗುವಾಗ ಅಮ್ಮನನ್ನೂ ಕರೆದೊಯ್ದು, ಆ ಹಿಮ್ಮಡಿಯ ಪರೀಕ್ಷೆಯನ್ನು ಅವರೆದುರೇ ತೋರಿಸಿ ಅರ್ಥ ತಿಳಿಸಿಕೊಡಲು ವೈದ್ಯರನ್ನು ಕೇಳಿ. ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ.

ಎಫ್‌ಎನ್‌ಡಿ ಇದ್ದವರಿಗೂ ನಿಜವಾದ ಪಾರ್ಶ್ವವಾಯು ಬರಬಹುದು. ಹೊಸದಾಗಿ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈಕಾಲು ಏಕಾಏಕಿ ಸೋತರೆ ‘ಇದು ಹಳೆಯದೇ’ ಎಂದು ಕಾಯಬೇಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಕೊಡುವುದು ಮೊದಲ 4.5 ಗಂಟೆಯೊಳಗೆ. ತಕ್ಷಣ 108ಕ್ಕೆ ಕರೆ ಮಾಡಿ, ಎಂಆರ್‌ಐ ಮತ್ತು ಹಳೆಯ ಚೀಟಿಗಳನ್ನು ಜೊತೆಗೊಯ್ಯಿರಿ.